333333666667 ಎಂಬ ಸಂಖ್ಯೆಗೆ ತುಮಕೂರು ಜಿಲ್ಲೆಯ ಕೋರದಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತಮೂರು ಕೋಟಿ, ಮೂವತ್ತಾರು ಲಕ್ಷ, ಅರವತ್ತಾರು ಸಾವಿರದ ಆರುನೂರ ಅರವತ್ತೇಳು ಅವರೇ ಎಂದು ಪೂರ್ತಿ ಹೆಸರು ಹಿಡಿದೇ ಕರೆಯಬೇಕಿತ್ತು. ಅಷ್ಟರಲ್ಲಿ ನಮಗೆ ತುಮಕೂರಿನ ಬಸ್ಸು ತಪ್ಪುತ್ತದೆ. ಮಾನ್ಯರೇ ಎಂದರೆ ಸಾಕಲ್ಲ.

ತಮ್ಮದು ದೊಡ್ಡ ಮನೆತನ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ ತಮಗೆ ಜಾಗ ಕೊಟ್ಟಿದ್ದಾರೆ. 33ರಿಂದ ಗುಣಿಸಿದರೆ ತಾವು 11000011000011. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಇಂಥ ಲೆಕ್ಕಗಳನ್ನು ಆಚಾರ್ಯರು ಕೊರಳಿನ ಹಾರ ಎಂದರು. ಬಿಡಿಸಿದರೆ ತಮ್ಮೊಳಗೆ ಇರುವವರು ಮೂವರೇ ಅವಿಭಾಜ್ಯರು: 19, 52579, 333667. ಮೊದಲಿಬ್ಬರ ಗುಣಲಬ್ಧ 999001, ಅಂದರೆ ಹತ್ತು ಲಕ್ಷಕ್ಕೆ 999 ಕಡಿಮೆ. ಮೂರನೆಯವರನ್ನು 999ರಿಂದ ಗುಣಿಸಿದರೆ ಒಂಬತ್ತು ಮೂರುಗಳು ಸಾಲಾಗಿ ನಿಲ್ಲುತ್ತವೆ. 333667ರ ಮುಂದೆ ಆರು ಸೊನ್ನೆ ಇಟ್ಟು ಆ ಸಾಲನ್ನು ಕಳೆಯಿರಿ, ಉಳಿಯುವುದು ತಾವೇ. ಎಂಥ ಅಚ್ಚುಕಟ್ಟು!

ಆಧಾರ್‌ನಲ್ಲಿ ನಮಗೂ ಹನ್ನೆರಡೇ ಅಂಕಿ. ಕರ್ನಾಟಕದಲ್ಲಿ ಆಧಾರ್ ಪ್ರಯೋಗಕ್ಕೆ 2010ರಲ್ಲಿ ಮೊದಲು ಆರಿಸಿದ್ದು ಮೈಸೂರು ಮತ್ತು ನಮ್ಮ ತುಮಕೂರು ಜಿಲ್ಲೆಗಳನ್ನು. ಆದರೆ ನಮ್ಮ ಸಂಖ್ಯೆಗೆ ಗುಣಲಕ್ಷಣ ಇರಬಾರದೆಂಬುದೇ ನಿಯಮ: ಊರು, ಜಾತಿ, ವಯಸ್ಸು ಯಾವುದರ ಸುಳಿವೂ ಅದರಲ್ಲಿ ಸಿಗಕೂಡದು. ಸೊನ್ನೆ, ಒಂದರಿಂದ ಶುರುವಾಗುವಂತಿಲ್ಲ. ಕೊನೆಯ ಅಂಕಿ ಕಾವಲಿಗೆ. ಯಾಕೋಬುಸ್ ವೆರ್ಹೂಫ್ ಎಂಬ ಡಚ್ ಗಣಿತಜ್ಞರು 1969ರಲ್ಲಿ ಪ್ರಕಟಿಸಿದ ಉಪಾಯವದು. ಒಂದಂಕಿ ತಪ್ಪಾದರೂ, ಅಕ್ಕಪಕ್ಕದ ಎರಡು ಅದಲುಬದಲಾದರೂ ಹಿಡಿದುಬಿಡುತ್ತದೆ.

ಕುತೂಹಲಕ್ಕೆ ತಮ್ಮನ್ನೂ ಆ ಪರೀಕ್ಷೆಗೆ ಕೂರಿಸಿದೆ. ಪಾಸು! ಕೊನೆಯ 7ರ ಜಾಗದಲ್ಲಿ ಬೇರೆ ಯಾವ ಅಂಕಿ ಇದ್ದಿದ್ದರೂ ಫೇಲು. ಆಧಾರ್ ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಅದರ ಲೆಕ್ಕಕ್ಕೆ ಹೊಂದುವಂತೆ ಹುಟ್ಟಿದ ತಮ್ಮ ದೂರದೃಷ್ಟಿಗೆ ಏನನ್ನೋಣ.

ಹಾಗೆಂದು ಬೀಗಬೇಡಿ. ಪಡಿತರ ಅಂಗಡಿ ಕೇಳುವುದು ಹೆಬ್ಬೆಟ್ಟು. ಹುಣಸೆಹಣ್ಣು ಜಜ್ಜಿ ಜಜ್ಜಿ ಗೆರೆ ಸವೆದ ಅಜ್ಜಿ ಬೆರಳನ್ನು ಸೆರಗಿಗೆ ಉಜ್ಜಿ ಒತ್ತುತ್ತಾಳೆ. ಯಂತ್ರ ಒಲ್ಲೆ ಅನ್ನುತ್ತದೆ. ತಲೆಗೂದಲಿಗೆ ಸವರಿ ಮತ್ತೆ ಒತ್ತುತ್ತಾಳೆ, ಮತ್ತೆ ಒಲ್ಲೆ. ಹನ್ನೆರಡು ಅಂಕಿಯಲ್ಲಿ ಒಂದೂ ತಪ್ಪಿಲ್ಲ. ಸಂಖ್ಯೆ ಸರಿ, ಅಜ್ಜಿಯೇ ತಪ್ಪು. ಇನ್ನು ತಮಗೋ, ಸವೆಯುವುದಕ್ಕೂ ಬೆರಳಿಲ್ಲ.

ಆದ್ದರಿಂದ ಆಚಾರ್ಯರ ಗ್ರಂಥದಲ್ಲೇ ಹಾಯಾಗಿರಿ. ಅಕ್ಕಿಗೆಂದು ಬರಲೇಬೇಕಾದರೆ ಒಂದು ಬೆರಳು, ಒಟಿಪಿ ಬರುವ ಒಂದು ಮೊಬೈಲು ಜೊತೆಗಿರಲಿ. ತಿಂಗಳ ಕೊನೆಯ ದಿನ ಮಾತ್ರ ಬೇಡ, ಅವತ್ತು ಕ್ಯೂ ಜಾಸ್ತಿ.

ಇತಿ,
ಮೊದಲ ಎಂಟು ಅಂಕಿ ಮುಚ್ಚಿಕೊಂಡ ಒಬ್ಬ ಕೋರದವನು