ಒಟ್ಟುವವರೂ ಹಚ್ಚುವವರೂ

ನಿಡಸೋಸಿ ಮಠದ ಊರು. ಪೀಠ, ಪರಂಪರೆ, ಪಂಥ ಇವೆಲ್ಲ ನಮಗೆ ಹೊಸತಲ್ಲ. ಹಾಗಾಗಿ ಕಟ್ಟಿಗೆ ಒಟ್ಟುವ ವಿಷಯದಲ್ಲಿ ನಮ್ಮ ಒಂದೇ ಮನೆಯೊಳಗೆ ಮೂರು ಪಂಥಗಳಿರುವುದು ಓಣಿಯಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಕಾಕಾ ಗ್ವಾಡಿ ಪಂಥದವರು. ಒಟ್ಟಿದ ಕಟ್ಟಿಗೆ ನೂಲು ಹಿಡಿದಷ್ಟು ನೆಟ್ಟಗಿರಬೇಕು. ಅಪ್ಪ ತಾಡಪತ್ರಿ ಪಂಥ. ಒಟ್ಟಿಲು ಹ್ಯಾಂಗಾದರೂ ಇರಲಿ, ಮುಚ್ಚಿರಬೇಕು. ಕಾಕಾನ ಮಗ ಎಂಜಿನಿಯರಿಂಗ್ ಓದುವವನು, ಗಾಳಿ ಪಂಥ. ಒಟ್ಟಿಲಿಗೆ ಗಾಳಿ ತಾಗುತ್ತಿರಬೇಕು. ಒಂದೊಂದು ಪಂಥಕ್ಕೂ ಒಬ್ಬೊಬ್ಬರೇ ಅನುಯಾಯಿ, ಅವರೇ ಗುರು. ಆಯಿಗೆ ಮಾತ್ರ ಯಾವ ಪಂಥವೂ ಇಲ್ಲ. ಆಕೆ ಒಲೆ ಹಚ್ಚುವವಳು.

ಗ್ಯಾಸ್ ಇದ್ದ ಮನೆಯಲ್ಲಿ ಕಟ್ಟಿಗೆ ಏಕೆ ಎಂದು ಬೆಂಗಳೂರಿನಿಂದ ಬಂದ ಬೀಗರು ಕೇಳುವುದುಂಟು. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ನಮ್ಮ ಕಡೆಯ ತೋಟಪಟ್ಟಿಯ ಮನೆಗಳಿಗೂ ಕೆಂಪು ಸಿಲಿಂಡರ್ ಹೋಗಿದೆ, ನಿಜ. ನಮ್ಮ ಮನೆಗಂತೂ ಅದಕ್ಕೂ ಮೊದಲೇ ಬಂದಿತ್ತು. ಆದರೆ ಮನೆಯೊಳಗೆ ಒಂದು ಹಂಚಿಕೆ ಆಗಿಹೋಗಿದೆ: ಚಹಾ, ಪಲ್ಯೆ ಸಿಲಿಂಡರಿಗೆ, ಜಳಕದ ನೀರು ಮತ್ತು ರೊಟ್ಟಿ ಒಲೆಗೆ. ಹಂಡೆ ನೀರನ್ನು ಗ್ಯಾಸಿನ ಮೇಲೆ ಕಾಯಿಸುವುದಕ್ಕೆ ಆಯಿ ದುಂದುಗಾರಿಕೆ ಎನ್ನುತ್ತಾಳೆ. ಗ್ಯಾಸಿನ ಮೇಲೆ ಸುಟ್ಟ ಬಿಳಿಜೋಳದ ರೊಟ್ಟಿಗೆ ಆಕೆ ಏನೆನ್ನುತ್ತಾಳೆ ಎಂಬುದನ್ನು ಮಠದ ಊರಿನವನಾಗಿ ನಾನು ಬರೆಯುವಂತಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದಾಗ ಹೊಲದ ಒಡ್ಡಿನ ಜಾಲಿ ಕಡಿಯುವುದು, ಜೂನ್ ಮೊದಲ ವಾರ ಮಿರಗ ಕೂಡುವುದರೊಳಗೆ ಒಣಗಿಸಿ ಒಳಗಿಡುವುದು, ಇದು ನಮ್ಮ ಸೀಮೆಯ ಲೆಕ್ಕ. ಈ ಮೂರು ತಿಂಗಳೇ ಪಂಥಗಳ ಕದನಕಾಲ. ಮಿರಗ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆಗಳು ಸರದಿಯಂತೆ ಬರತೊಡಗಿದ ಮೇಲೆ ಯಾರ ಪಂಥ ಗೆದ್ದಿತು ಎಂಬುದು ಅಡಿಗೆಮನೆಯ ಹೊಗೆಯಿಂದ ಗೊತ್ತಾಗುತ್ತದೆ.

ಕಾಕಾ ಸಕ್ಕರೆ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು. ನಟ್ಟು, ಬೋಲ್ಟು, ಗೋಣಿಚೀಲಗಳ ನಡುವೆ ಅವರು ಕಲಿತದ್ದು ಒಂದೇ ಮಂತ್ರ: ಮೊದಲು ಬಂದ ಮಾಲು ಮೊದಲು ಹೋಗಬೇಕು. ಅದನ್ನೇ ಕಟ್ಟಿಗೆಗೂ ಹಚ್ಚಿದರು. ಪ್ರತಿ ತುಂಡಿನ ಕೊನೆಗೆ ಸೀಮೆಸುಣ್ಣದಿಂದ ತಾರೀಖು, ಪಡಸಾಲೆಯ ಗೂಟಕ್ಕೆ ತೂಗುಹಾಕಿದ ಒಂದು ರಜಿಸ್ಟರು. ಒಟ್ಟುವುದರಲ್ಲಿ ಅವರ ಕೈ ಮೆಚ್ಚಲೇಬೇಕು. ಕೆಳಗೆ ಕಲ್ಲಿಟ್ಟು, ಕಲ್ಲಿನ ಮೇಲೆ ಗಳ ಹಾಸಿ, ನೆಲಕ್ಕೂ ಕಟ್ಟಿಗೆಗೂ ಒಂದು ಗೇಣು ಸಂದು ಬಿಡುತ್ತಾರೆ, ವರಲಿ ಹತ್ತಬಾರದೆಂದು. ಎರಡೂ ತುದಿಗೆ ಒಂದು ಸಾಲು ಅಡ್ಡ, ಒಂದು ಸಾಲು ಉದ್ದ ಇಡುತ್ತ ಕಂಬ ಏರಿಸುತ್ತಾರೆ. ನಡುವೆ ತುಂಬಿದ ಕಟ್ಟಿಗೆ ಎತ್ತ ಜಾರಬೇಕೆಂದರೂ ಜಾರದು. ಗ್ರಾಮ ಪಂಚಾಯಿತಿಯ ಕಂಪೌಂಡು ಇಷ್ಟು ನೆಟ್ಟಗಿಲ್ಲ ಎಂದು ನೋಡಿದವರು ಹೇಳುತ್ತಾರೆ.

ತೊಂದರೆ ಇರುವುದು ಭೂಮಿಯ ಗುರುತ್ವಾಕರ್ಷಣೆಯಲ್ಲಿ. ಮೊದಲು ಬಂದದ್ದು ಗೋಡೆಯ ಬುಡದಲ್ಲಿ ಕೂತಿರುತ್ತದೆ, ಕೊನೆಗೆ ಬಂದದ್ದು ತಲೆಯ ಮೇಲೆ. ನಿಯಮದಂತೆ ಬುಡದ್ದನ್ನು ಎಳೆದರೆ ಗೋಡೆ ಮೈಮೇಲೆ ಬರುತ್ತದೆ, ಮೇಲಿನದನ್ನು ತೆಗೆದರೆ ನಿಯಮ ಮುರಿಯುತ್ತದೆ. ಅಷ್ಟಕ್ಕೂ ಯಾರಾದರೂ ಅಲ್ಲಿಂದ ಒಂದು ತುಂಡು ತೆಗೆದರೆ ಸ್ವಂತ ಹಲ್ಲು ಕಿತ್ತವರ ಹಾಗೆ ಕಾಕಾ ಮುಖ ಮಾಡುತ್ತಾರೆ. ಹೀಗಾಗಿ ಚಿಗವ್ವ ಗೋಡೆಯ ಗೊಡವೆಗೇ ಹೋಗದೆ ಹಿತ್ತಲ ಮೂಲೆಯ ಟೊಂಗೆಗಳನ್ನು ಮುರಿದು ತರುತ್ತಾಳೆ. ಗೋಡೆ ಹೋದ ವರ್ಷದ ತಾರೀಖುಗಳನ್ನು ಹೊತ್ತುಕೊಂಡು ಹಾಗೆಯೇ ನಿಂತಿದೆ. ಸ್ಟೋರಿನ ಭಾಷೆಯಲ್ಲಿ ಹೇಳುವುದಾದರೆ ಮಾಲು ಆವಕ ಮಾತ್ರ, ಜಾವಕ ಇಲ್ಲ.

ಅಪ್ಪನ ಪಂಥದ ಕಥೆ ಸಣ್ಣದು. ನೀಲಿ ತಾಡಪತ್ರಿಯನ್ನು ನಾಲ್ಕೂ ಕಡೆ ನೆಲದವರೆಗೆ ಇಳಿಬಿಟ್ಟು, ಅಂಚಿಗೆಲ್ಲ ಕಲ್ಲು ಹೇರಿ, ಇನ್ನು ವರುಣನ ಅಪ್ಪನೂ ಒಳಗೆ ಬರಲಾರ ಎಂದರು. ವರುಣ ಬರಲಿಲ್ಲ. ಆದರೆ ಹಸಿ ಕಟ್ಟಿಗೆಯ ಒಳಗಿದ್ದ ನೀರೂ ಹೊರಗೆ ಹೋಗಲಿಲ್ಲ. ಹಗಲು ಬಿಸಿಲಿಗೆ ಆವಿಯಾಗಿ ಮೇಲೇರಿ ತಾಡಪತ್ರಿಗೆ ಹತ್ತುವುದು, ರಾತ್ರಿ ಹನಿಯಾಗಿ ಕೆಳಗೆ ಬೀಳುವುದು. ಶ್ರಾವಣದಲ್ಲಿ ಬಿಚ್ಚಿ ನೋಡಿದರೆ ತೊಗಟೆಯ ತುಂಬ ನಾಯಿಕೊಡೆ ಎದ್ದಿದ್ದವು. ಮೇಲೆ ಮಾತ್ರ ಹೊದಿಸಿ ಪಕ್ಕಗಳನ್ನು ತೆರೆದಿಡಬೇಕು ಎಂಬುದು ಮಿಕ್ಕವರಿಗೆಲ್ಲ ತಿಳಿಯಿತು. ಅಪ್ಪನಿಗೆ ತಿಳಿದದ್ದು ತಾಡಪತ್ರಿ ಸಣ್ಣದಾಯಿತು ಎಂದು.

ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಒಂದು ಕಿಲೋ ನೀರನ್ನು ಆವಿ ಮಾಡಲು ಸುಮಾರು 540 ಕಿಲೋ ಕ್ಯಾಲೊರಿ ಶಾಖ ಬೇಕು. ಹಸಿ ತುಂಡು ಮೊದಲು ತನ್ನ ನೀರನ್ನು ಕಾಯಿಸಿಕೊಂಡು, ಮಿಕ್ಕದ್ದರಲ್ಲಿ ನಮ್ಮ ಹಂಡೆಯ ನೀರನ್ನು ಕಾಯಿಸುತ್ತದೆ. ಇಂಥ ಹಸಿ ಕಟ್ಟಿಗೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಅಡ್ಡೆಯಿಂದ ಕೊಂಡು ತಂದವನು ಅರ್ಧ ದುಡ್ಡನ್ನು ನೀರಿಗೆ ಕೊಟ್ಟ ಹಾಗಾಯಿತು. ಸಂಕೇಶ್ವರದಲ್ಲಿ ಹಿರಣ್ಯಕೇಶಿ ಪುಕ್ಕಟೆ ಹರಿಯುತ್ತಿರುವಾಗ ಜಾಲಿಯೊಳಗಿನ ನೀರಿಗೆ ರೊಕ್ಕ ಎಣಿಸುವವರು ನಾವೇ ಇರಬೇಕು.

ಈ ಲೆಕ್ಕವನ್ನು ನನಗೆ ಬಿಡಿಸಿ ಹೇಳಿದವನು ಕಾಕಾನ ಮಗ. ಅವನು ತೇವಾಂಶ ಅಳೆಯುವ ಯಂತ್ರವೊಂದನ್ನು ತರಿಸಿದ್ದಾನೆ. ಎರಡು ಸೂಜಿಗಳನ್ನು ಕಟ್ಟಿಗೆಗೆ ಚುಚ್ಚಿದರೆ ಅಂಕಿ ಮೂಡುತ್ತದೆ, ಇಪ್ಪತ್ತಕ್ಕಿಂತ ಕೆಳಗಿದ್ದರೆ ಒಲೆಗೆ ಯೋಗ್ಯ. ಒಂದು ದಿನ ದಪ್ಪನೆಯ ತುಂಡಿಗೆ ಚುಚ್ಚಿ, ‘ಆಯಿ, ಹದಿನಾಲ್ಕು! ಭೇಷ್ ಒಣಗೇತಿ’ ಎಂದ. ಆಯಿ ಅದನ್ನು ಇನ್ನೊಂದು ತುಂಡಿಗೆ ಬಡಿದು ಕಿವಿಗೊಟ್ಟಳು. ಒಣಗಿದ್ದು ಟಣ್ ಎನ್ನುತ್ತದೆ, ಇದು ದಪ್ ಎಂದಿತು. ‘ಹಸಿ ಐತಿ, ಇಡು ಅತ್ಲಾಗ’ ಎಂದಳು. ವಿಜ್ಞಾನಕ್ಕೂ ಕಿವಿಗೂ ವಾದ ಬಿತ್ತು. ಕೊಡಲಿ ತಂದು ಸೀಳಿ, ಹೊಸದಾಗಿ ತೆರೆದ ಒಳಮೈಗೆ ಸೂಜಿ ಚುಚ್ಚಿದರೆ ಅಂಕಿ ಮೂವತ್ತರ ಹತ್ತಿರ ಹೋಯಿತು. ಮೇಲ್ಮೈ ಒಣಗಿರುತ್ತದೆ, ನಡುವೆ ತೇವ ಉಳಿದಿರುತ್ತದೆ, ಸೀಳಿದ ಮೇಲೆಯೇ ಅಳೆಯಬೇಕು ಎಂದು ಯಂತ್ರದ ಜೊತೆ ಬಂದ ಚೀಟಿಯಲ್ಲೇ ಬರೆದಿತ್ತಂತೆ. ತೊಗಟೆ ನೀರನ್ನು ಹಿಡಿದಿಡುತ್ತದೆ. ನೀರು ಹೊರಟುಹೋಗುವುದು ಕೊಯ್ದ ತುದಿಯಿಂದ, ಸೀಳಿದ ಮೈಯಿಂದ. ಅಂದರೆ ಒಟ್ಟುವ ಪದ್ಧತಿಗಿಂತ ಒಡೆಯುವ ಕೆಲಸ ದೊಡ್ಡದು. ಈ ಸತ್ಯ ಹೊರಬಿದ್ದ ಕೂಡಲೇ ಮೂರೂ ಪಂಥದವರಿಗೆ ಏಕಕಾಲಕ್ಕೆ ಬೆನ್ನುನೋವು ಕಾಣಿಸಿಕೊಂಡಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದವರು ಮುಂದೆ ಮೂರು ಪಾತ್ರೆ ಕೂಡುವ, ಹೊಗೆಯನ್ನು ಚಿಮಣಿಯಿಂದ ಹೊರಗಟ್ಟುವ ಅಸ್ತ್ರ ಒಲೆ ಮಾಡಿದರು. ಒಳ್ಳೆಯ ಒಲೆ, ಕಟ್ಟಿಗೆ ಉಳಿಸುತ್ತಿತ್ತು. ಆದರೆ ಅದರ ಬಾಯಿಗೆ ಕಟ್ಟಿಗೆಯನ್ನು ಸಣ್ಣದಾಗಿ ತುಂಡರಿಸಿ ಹಾಕಬೇಕು. ಉದ್ದನೆಯ ಟೊಂಗೆಯನ್ನು ಹಾಗೆಯೇ ತುರುಕಿ, ಉರಿದಷ್ಟು ಮುಂದೆ ನೂಕುವ ನಮ್ಮ ಒಲೆ ಗಂಡಸರ ಮೇಲೆ ಕರುಣೆಯುಳ್ಳದ್ದು.

ಕಟ್ಟಿಗೆಯ ಮಾತು ಬಂದಾಗ ಮೋಳಿಗೆಯ ಮಾರಯ್ಯನನ್ನು ನೆನೆಯದಿದ್ದರೆ ನಿಡಸೋಸಿಯವನೆಂದು ಹೇಳಿಕೊಳ್ಳುವಂತಿಲ್ಲ. ಕಾಶ್ಮೀರದ ಅರಸ ರಾಜ್ಯ ಬಿಟ್ಟು, ಮಡದಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ಹೊತ್ತು ತಂದು ಮಾರುವ ಕಾಯಕ ಹಿಡಿದ ಎಂದು ಶರಣರ ಕಥೆ ಹೇಳುತ್ತದೆ. ಪುರಾಣ ಹೇಳುವ ಶಾಸ್ತ್ರಿಗಳು ಅರಸೊತ್ತಿಗೆ ಬಿಟ್ಟದ್ದನ್ನು ದೊಡ್ಡದು ಮಾಡುತ್ತಾರೆ. ನನಗೆ ಕಾಣುವ ದೊಡ್ಡಸ್ತಿಕೆ ಬೇರೆ. ಅಂದು ತಂದದ್ದನ್ನು ಅಂದೇ ಮಾರಿ, ಬಂದದ್ದನ್ನು ದಾಸೋಹಕ್ಕೆ ಕೊಟ್ಟು, ನಾಳೆಗೆಂದು ಏನನ್ನೂ ಕೂಡಿಡದವನಿಗೆ ಗೋಡೆಯಿಲ್ಲ, ತಾಡಪತ್ರಿಯಿಲ್ಲ, ವರಲಿಯ ಭಯವಿಲ್ಲ. ಕಟ್ಟಿಗೆ ಶೇಖರಣೆಯ ಸಮಸ್ಯೆಯನ್ನು ಪೂರ್ತಿ ಬಗೆಹರಿಸಿದವನು ನಮ್ಮ ನಾಡಿನಲ್ಲಿ ಅವನೊಬ್ಬನೇ. ಇದನ್ನು ಕಾಕಾಗೆ ಹೇಳಿದೆ. ‘ಅವರಿಗೆ ಗೋದಾಮ ಇರಲಿಲ್ಲಪಾ, ಅದಕ್ಕ’ ಎಂದರು.

ಇನ್ನು ಆಯಿಯ ಏರ್ಪಾಡು. ಆಕೆ ಮರದ ಜಾತಿ, ಬಂದ ತಾರೀಖು, ಉದ್ದಗಲ ಯಾವುದನ್ನೂ ನೋಡುವುದಿಲ್ಲ. ಒಲೆಯಲ್ಲಿ ಅದು ಮಾಡುವ ಕೆಲಸವನ್ನಷ್ಟೇ ನೋಡುತ್ತಾಳೆ. ಹಚ್ಚೋದು, ಉರಿಯೋದು, ನಿಲ್ಲೋದು ಎಂದು ಮೂರು ಪಾಲು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಗೋವಿನಜೋಳದ ಬೆಂಡು ಹಚ್ಚುವುದಕ್ಕೆ. ಬೆರಳು, ಮುಂಗೈ ದಪ್ಪದ ಟೊಂಗೆಗಳು ಉರಿಯುವುದಕ್ಕೆ. ಹಂಚು ಕಾಯಬೇಕಾದರೆ ಇವೇ ಬೇಕು. ಸೀಳಿದ ಜಾಲಿ ನಿಲ್ಲುವುದಕ್ಕೆ. ಅದರ ಕೆಂಡದ ಮುಂದೆ ರೊಟ್ಟಿ ಆನಿಸಿಟ್ಟರೆ ಉಬ್ಬುತ್ತದೆ. ಕುಳ್ಳು ಬೇರೆಯೇ ಒಂದು ಇಲಾಖೆ, ಅದು ರಾತ್ರಿಯಿಡೀ ಹಾಲಿನ ಗಡಿಗೆ ಕಾಯುವುದಕ್ಕೆ. ಕಬ್ಬಿನ ರವದಿಯನ್ನು ಆಕೆ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ: ಭುಗ್ಗೆಂದು ಎದ್ದು, ನಾವು ಕಣ್ಣು ಒರೆಸಿಕೊಳ್ಳುವುದರೊಳಗೆ ಬೂದಿ. ಮೂಡಲಗಿ ಕಡೆಯ ಬೆಲ್ಲದ ಗಾಣದವರು ಹಿಂಡಿದ ಕಬ್ಬಿನ ಸಿಪ್ಪೆಯನ್ನು ಅಂಗಳದಲ್ಲಿ ಹರವಿ ಒಣಗಿಸಿ ಕೊಪ್ಪರಿಗೆಯ ಕೆಳಗೆ ಒಬ್ಬಾತ ತುರುಕುತ್ತಲೇ ಇರುವಂತೆ ನೋಡಿಕೊಳ್ಳುತ್ತಾರೆ. ಹಾಗೆ ತುರುಕುತ್ತ ಕೂಡಲು ನಮ್ಮ ಮನೆಯಲ್ಲಿ ಬಿಡುವಿದ್ದವರು ಮೂವರಿದ್ದಾರೆ, ಮೂವರೂ ಹಿತ್ತಲಲ್ಲಿ ವಾದದಲ್ಲಿರುತ್ತಾರೆ.

ಆಕೆಯ ದಾಸ್ತಾನು ಎರಡೇ ಕಡೆ. ನೀರೊಲೆಯ ಮೇಲಿನ ಅಟ್ಟದಲ್ಲಿ ಒಂದು ವಾರದ್ದು, ಒಲೆಯ ಪಕ್ಕದಲ್ಲಿ ನಾಳೆಯದು. ಇಂದು ಉರಿದ ಒಲೆಯ ಕಾವು ನಾಳೆ ಉರಿಯುವುದನ್ನು ಒಣಗಿಸುತ್ತದೆ. ಹಿತ್ತಲ ಒಟ್ಟಿಲು ಎಷ್ಟೇ ತೊಯ್ದಿರಲಿ, ಅಟ್ಟ ಹತ್ತಿ ಇಳಿದದ್ದು ಹೊಗೆಯಾಡುವುದಿಲ್ಲ. ಇದಕ್ಕೆ ಯಂತ್ರವೂ ಬೇಡ, ರಜಿಸ್ಟರೂ ಬೇಡ. ವಿಚಿತ್ರವೆಂದರೆ ಮೊದಲು ಬಂದದ್ದು ಮೊದಲು ಹೋಗುವ ಕಾಕಾನ ನಿಯಮ ಮನೆಯಲ್ಲಿ ಸರಿಯಾಗಿ ನಡೆಯುತ್ತಿರುವುದು ಈ ಅಟ್ಟದಲ್ಲಿ ಮಾತ್ರ: ಆಯಿ ಒಂದು ಕಡೆಯಿಂದ ತುಂಬಿ ಇನ್ನೊಂದು ಕಡೆಯಿಂದ ತೆಗೆಯುತ್ತಾಳೆ.

ಒಟ್ಟಿಲಿಗೆ ಕೈ ಹಾಕುವುದಕ್ಕೂ ಆಕೆಯ ಕಟ್ಟಳೆ ಇದೆ. ಮೊದಲು ಒಂದು ಕೋಲಿನಿಂದ ಬಡಿದು ಸಪ್ಪಳ ಮಾಡಬೇಕು. ದೀಪ ಹಚ್ಚಿದ ಮೇಲೆ ಕಟ್ಟಿಗೆ ಎಳೆಯಬಾರದು, ಲಕ್ಷ್ಮಿ ಹೋಗುತ್ತಾಳೆ. ಲಕ್ಷ್ಮಿಯ ಹೆಸರಿನಲ್ಲಿ ಆಕೆ ಕಾಯುತ್ತಿರುವುದು ಚೇಳಿನಿಂದ ಎಂಬುದು ನನಗೆ ತಡವಾಗಿ ಹೊಳೆಯಿತು. ಒಟ್ಟಿಲ ಸಂದಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕತ್ತಲಲ್ಲಿ ಅವುಗಳ ಮನೆಗೆ ಕೈ ಹಾಕುವವರು ಗುರುಗಳಲ್ಲ, ಮನೆಯ ಹೆಂಗಸರು.

ಮೊನ್ನೆ ಊಟದ ಹೊತ್ತಿಗೆ ಕಾಕಾನ ಮಗ ನಾರ್ವೆಯ ಸುದ್ದಿ ತಂದ. ಆ ದೇಶದಲ್ಲಿ ಲಾರ್ಸ್ ಮಿಟ್ಟಿಂಗ್ ಎಂಬ ಲೇಖಕ ಕಟ್ಟಿಗೆ ಕಡಿಯುವುದು, ಒಟ್ಟುವುದು, ಒಣಗಿಸುವುದರ ಮೇಲೆ 2011ರಲ್ಲಿ ಪುಸ್ತಕ ಬರೆದ, ಅದು ಸಿಕ್ಕಾಪಟ್ಟೆ ಮಾರಾಟವಾಯಿತು. ಅದರ ನೆಪದಲ್ಲಿ 2013ರ ಫೆಬ್ರವರಿಯ ಒಂದು ರಾತ್ರಿ ಅಲ್ಲಿನ ಸರಕಾರಿ ಟಿವಿಯವರು ಹನ್ನೆರಡು ತಾಸು ಕಟ್ಟಿಗೆಯದೇ ಕಾರ್ಯಕ್ರಮ ಹಾಕಿದರು. ಮೊದಲಿಗೆ ಕಡಿಯುವ, ಒಟ್ಟುವ ಮಾತುಕತೆ, ಆಮೇಲೆ ಬೆಳತನಕ ಒಂದು ಒಲೆ ಉರಿಯುವುದು, ಅಷ್ಟೆ. ಜನ ಕಣ್ಣು ಮಿಟುಕಿಸದೆ ನೋಡಿದರು, ತಕರಾರನ್ನೂ ಕಳಿಸಿದರು. ಟಿವಿಯಲ್ಲಿ ಕಟ್ಟಿಗೆಯನ್ನು ತೊಗಟೆ ಮೇಲೆ ಮಾಡಿ ಇಟ್ಟಿದ್ದಾರೆ ಎಂದು ಅರ್ಧ ಜನರ ಸಿಟ್ಟು. ಕೆಳಗೆ ಮಾಡಿ ಇಟ್ಟಿದ್ದಾರೆ ಎಂದು ಇನ್ನರ್ಧ ಜನರ ಸಿಟ್ಟು.

ಕಾಕಾನ ಕಣ್ಣು ಹೊಳೆಯಿತು. ‘ತೊಗಟಿ ಮ್ಯಾಲಽ ಇರಬೇಕು. ಮಳಿ ಬಿದ್ರ ಜಾರಿ ಹೋಗತೈತಿ’ ಎಂದರು. ಮಗ ಒಪ್ಪಲಿಲ್ಲ. ಸೀಳಿದ ಮೈ ಮೇಲೆ ಬಂದರೆ ಗಾಳಿ ತಾಗಿ ಬೇಗ ಆರುತ್ತದೆ ಎಂದ. ತಾಡಪತ್ರಿ ಇದ್ದರೆ ಎರಡೂ ಅಷ್ಟೇ ಎಂದರು ಅಪ್ಪ. ಅವರು ದೊಡ್ಡದೊಂದನ್ನು ಆಗಲೇ ನೋಡಿ ಬಂದಿದ್ದರು. ಸದ್ದು ಏರಿತು. ನಾರ್ವೆ ನಮ್ಮ ಪಡಸಾಲೆಗೇ ಬಂದು ಕೂತಿತು.

ಆಯಿ ಒಲೆಯ ಮುಂದಿನಿಂದ ಕೇಳಿದಳು: ‘ಯಾತರ ಜಗಳಾನೋ ಅದು?’

ವಿವರಿಸಿದೆ.

‘ತೊಗಟಿ ಮ್ಯಾಲೂ ಬ್ಯಾಡ, ಕೆಳಗೂ ಬ್ಯಾಡ. ಸುಲದು ನನ್ನ ಕಡೆ ಕೊಡ್ರಿ. ಮುಂಜಾನೆ ಒಲಿ ಹಚ್ಚಾಕ ಅದಽ ಬೇಕು. ಹುಳ ಬೀಳೋದೂ ಅದರಾಗನ.’

ಮೂವರೂ ಸ್ವಲ್ಪ ಹೊತ್ತು ರೊಟ್ಟಿ ತಿಂದರು. ಆಮೇಲೆ ಕಾಕಾ, ಸುಲಿದ ತೊಗಟೆಗೆ ರಜಿಸ್ಟರಿನಲ್ಲಿ ಬೇರೆ ಕಾಲಮ್ ಬೇಕಾಗುತ್ತದೆ ಎಂದರು.