ಹೆದರಿಕೆಗಳ ದರಪಟ್ಟಿ

ಕಾರಿನ ಇನ್ಶೂರೆನ್ಸ್ ಮುಗಿಯಲು ತಿಂಗಳಿದೆ ಅನ್ನುವಾಗಲೇ ಫೋನು ಶುರು. "ಸರ್, ಜೀರೊ ಡೆಪ್ ಹಾಕಲಾ? ಎಂಜಿನ್ ಪ್ರೊಟೆಕ್ಟ್? ಕೀ ಕಳೆದುಹೋದ್ರೆ ಅದಕ್ಕೂ ಇದೆ" ಎಂದು ಆ ಹುಡುಗಿ ಒಪ್ಪಿಸುವ ಧಾಟಿ ಥೇಟ್ ದರ್ಶಿನಿಯ ತಿಂಡಿಪಟ್ಟಿಯದು. ಆದರೆ ಇಲ್ಲಿ ಬಿಲ್ಲು ಕಟ್ಟಿದ ಮೇಲೆ ತಿಂಡಿ ಬಾರದಿರಲಿ ಅಂತಲೇ ಹರಕೆ.

ಪಾಲಿಸಿಯನ್ನು ಕೂತು ಓದಿದರೆ ಧೈರ್ಯ ಬರುತ್ತದೆ. ಭೂಕಂಪ, ಚಂಡಮಾರುತ, ಸಿಡಿಲು, ದೊಂಬಿ, ಆಲಿಕಲ್ಲು, ಹಿಮ! ಬಸವನಗುಡಿಯಲ್ಲಿ ಹಿಮ ಬಿದ್ದರೂ ನಾನು ನಿಶ್ಚಿಂತ. ಅದೇ, ಪಕ್ಕದ ಬೀದಿಯ ಆಟೊ ಬಂಪರಿಗೆ ತಗುಲಿದರೆ, ಪ್ಲಾಸ್ಟಿಕ್ ಭಾಗವಾದ್ದರಿಂದ ಶೇ. 50 ಸವಕಳಿ ಮುರಿದು ಉಳಿದದ್ದು ಕೊಡುತ್ತಾರೆ. ಆ ಅರ್ಧವೂ ಬೇಕಾದರೆ ಜೀರೊ ಡೆಪ್.

ನನ್ನಾಕೆಯ ಪಟ್ಟಿಯೇ ಬೇರೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಾರುಗಳು ಮುಳುಗಿದ್ದನ್ನು ಟೀವಿಯಲ್ಲಿ ನೋಡಿದಂದಿನಿಂದ ಅಂಡರ್‌ಪಾಸ್ ಅಂದರೆ ಅವಳಿಗೆ ಶರಾವತಿ. ಪ್ರವಾಹ ಮಾಮೂಲು ಪಾಲಿಸಿಯಲ್ಲೇ ಇದೆ. ಆದರೆ ನೀರಲ್ಲಿ ನಿಂತುಹೋದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಕೆಡಿಸಿಕೊಂಡರೆ ಸಾಮಾನ್ಯವಾಗಿ ಕೈಯೆತ್ತುತ್ತಾರೆ. "ರೀ, ನಿಮಗೆ ಸುಮ್ಮನೆ ಕೂರೋಕೆ ಬರಲ್ಲ, ಎಂಜಿನ್ ಪ್ರೊಟೆಕ್ಟ್ ಹಾಕಿಸಿ" ಎಂದಳು. ಹಾಕಿಸಿದೆ. ಕೀ ಕವರ್ ಬೇಡವಂತೆ: "ಕಳೆಯೋದು ನೀವು, ಹುಡುಕಿಕೊಡೋದು ನಾನು. ಅವರಿಗ್ಯಾಕೆ ದುಡ್ಡು?"

ಇನ್ನು ನೋ ಕ್ಲೇಮ್ ಬೋನಸ್. ಮೊದಲ ವರ್ಷ ಶೇ. 20, ಐದು ವರ್ಷ ಏನೂ ಕೇಳದೆ ಬಾಯಿ ಮುಚ್ಚಿಕೊಂಡಿದ್ದರೆ ಶೇ. 50 ರಿಯಾಯಿತಿ. ಅದೂ ಸ್ವಂತ ಹಾನಿಯ ಕಂತಿಗೆ ಮಾತ್ರ. ಥರ್ಡ್ ಪಾರ್ಟಿ ಕಂತು ಜಗ್ಗುವುದಿಲ್ಲ, ಕಾರು ಮುದಿಯಾದರೂ ಗುದ್ದುವ ತ್ರಾಣ ಕುಂದದು ಎಂದು ಸರ್ಕಾರದ ಎಣಿಕೆಯಿರಬೇಕು. ಒಂದು ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆ. ಹಾಗಾಗಿ ನಮ್ಮ ಕಾರಿನ ಎಡಬದಿಯಲ್ಲಿ ಗೇಟು, ಬಲಬದಿಯಲ್ಲಿ ತರಕಾರಿ ಗಾಡಿ, ಹಿಂದೆ ಭಾವಮೈದುನ ಬಿಟ್ಟ ಗುರುತುಗಳನ್ನೆಲ್ಲ ಹಾಗೇ ಕಾಪಾಡಿಕೊಂಡು ಬಂದಿದ್ದೇವೆ. ಬೋನಸ್ಸು ಕಾರಿಗಲ್ಲ, ಮಾಲೀಕನಿಗೆ ಸೇರಿದ್ದು. ಕಾರು ಮಾರಿದರೂ ನನ್ನ ಜತೆ ಬರುತ್ತದೆ. ಕಾರು ಬ್ಯಾಂಕಿನ ಸಾಲದಲ್ಲಿದೆ, ಓಡಿಸುವವನು ಮಗ. ನನ್ನದು ಅಂತ ಇರುವುದು ಅದೊಂದೇ.

ಕೊನೆಗೆ ಐಡಿವಿ, ಅಂದರೆ ಕಾರಿನ ಬೆಲೆ. ಮೊದಲ ಆರು ತಿಂಗಳಲ್ಲೇ ಶೇ. 5 ಹೋಯಿತು, ನಾಲ್ಕು ವರ್ಷ ದಾಟಿದಾಗ ಅರ್ಧ. ಐದಾದ ಮೇಲೆ ಪಟ್ಟಿಯೂ ಇಲ್ಲ, ಇಬ್ಬರೂ ಮಾತಾಡಿ ಒಪ್ಪಬೇಕು. ಚೌಕಾಸಿಯೆಲ್ಲ ಮುಗಿದು ಕಾರಿಗೆ ಮೂರು ಲಕ್ಷ ನಿಂತಿತು.

"ಓಡಿಸೋ ಮಾಲೀಕರ ಅಪಘಾತ ವಿಮೆ 15 ಲಕ್ಷ ಸರ್. ಬೇರೆಲ್ಲೂ ಇಲ್ಲ ಅಂದ್ರೆ ಕಡ್ಡಾಯ" ಎಂದಳು ಹುಡುಗಿ.

ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ನನ್ನಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲಮ್ಮ, ಇವರಿಗೆ ಸವಕಳಿ ಕಳೆಯೋದಿಲ್ವಾ?"