ಋಣಸಂಖ್ಯೆಯ ಓದುಗ

ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಶನಲ್ ಡೇಟಾಬೇಸಿನ ತತ್ತ್ವವನ್ನು ಮಂಡಿಸಿದ ಪ್ರಬಂಧದಲ್ಲೇ ಫಾರಿನ್ ಕೀ ಎಂಬ ಹೆಸರು ಬಂದಿದೆಯಾದರೂ, ಅದು ಮುಂದೆ ಎಷ್ಟು ಜನರ ನಿದ್ದೆ ಕೆಡಿಸೀತೆಂಬ ಸೂಚನೆ ಮಾತ್ರ ಅಲ್ಲಿಲ್ಲ. ಗ್ರಂಥಾಲಯವೊಂದರ ದಾಖಲೆಯಲ್ಲಿ ಓದುಗರದೊಂದು ಟೇಬಲ್, ಎರವಲು ಹೋದ ಪುಸ್ತಕಗಳದೊಂದು ಟೇಬಲ್ ಇದ್ದು, ಎರಡನೆಯದರಲ್ಲಿ ನಮೂದಾದ ಓದುಗ ಮೊದಲನೆಯದರಲ್ಲಿ ಇದ್ದೇ ತೀರಬೇಕೆಂಬ ಕಟ್ಟಳೆಯೇ ಫಾರಿನ್ ಕೀ. ಆಸರೆ ಕೊಡುವ ಟೇಬಲ್ ಪೇರೆಂಟ್, ಆಸರೆ ಪಡೆಯುವುದು ಚೈಲ್ಡ್.

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಈ ಕಟ್ಟಳೆ ವಿಧಿಸಹೊರಟವರಿಗೆ ಬಹುಕಾಲ ಎದುರಾಗುತ್ತಿದ್ದದ್ದು 1215ನೆಯ ದೋಷ. ಫಾರಿನ್ ಕೀ ಸೇರಿಸಲಾಗದು ಎಂಬಷ್ಟನ್ನೇ ಹೇಳಿ ಕಾರಣವನ್ನು ನುಂಗಿಕೊಳ್ಳುವ ಅದರ ಧಾಟಿ, ಅರ್ಜಿಯತ್ತ ಕಣ್ಣೂ ಹಾಯಿಸದೆ ‘ಆಗಲ್ಲ’ ಎನ್ನುವ ಗುಮಾಸ್ತನದು. (ಅದರಲ್ಲಿ ಟೇಬಲ್‌ಗಳನ್ನು ಕಾಯ್ದಿಡುವ ಮೈಐಸಾಮ್ ಎಂಬ ಹಳೆಯ ಎಂಜಿನ್ನಾದರೋ ಕಟ್ಟಳೆಯನ್ನು ಓದಿ, ತಲೆಯಾಡಿಸಿ, ಮರೆತೇಬಿಡುತ್ತದೆ.) ಪೇರೆಂಟಿನ ಕಾಲಂಗೆ ಇಂಡೆಕ್ಸ್ ಇಲ್ಲದಿರುವುದು, ಅಕ್ಷರಗಳ ಕಾಲಂಗಳಲ್ಲಿ ಕೊಲೇಶನ್, ಎಂದರೆ ಅಕ್ಷರಗಳನ್ನು ಹೋಲಿಸುವ ನಿಯಮ, ಬೇರೆಬೇರೆಯಾಗಿರುವುದು ಮುಂತಾದ ಕಾರಣಗಳು ಇನ್ನೋಡಿಬಿ ಎಂಜಿನ್ನಿನ ಸ್ಟೇಟಸ್ ವರದಿಯನ್ನು ಕೆದಕಿದರೆ ಸಿಗುತ್ತಿದ್ದವು.

ಇವುಗಳಲ್ಲೆಲ್ಲ ಮನನಯೋಗ್ಯವಾದುದು ಚಿಹ್ನೆಯ ಜಗಳ. ಓದುಗರ ಸಂಖ್ಯೆ ಇಂಟ್ ಅನ್‌ಸೈನ್ಡ್ ಆಗಿದ್ದು, ಎಂದರೆ ಸೊನ್ನೆಗಿಂತ ಕೆಳಗಿಳಿಯದೆ 4,29,49,67,295ರವರೆಗೆ ಏರಬಲ್ಲ ಪೂರ್ಣಾಂಕವಾಗಿದ್ದು, ಎರವಲಿನ ಕಾಲಂ ಬರಿಯ ಇಂಟ್ ಆಗಿ ಋಣಸಂಖ್ಯೆಗೂ ಬಾಗಿಲು ತೆರೆದಿಟ್ಟರೆ ಸಂಬಂಧ ಕೂಡುವುದಿಲ್ಲ. ಎರಡರಲ್ಲೂ ಇರುವುದು ಒಂದು, ಎರಡು, ಮೂರು ಎಂಬ ಸಾಧು ಸಂಖ್ಯೆಗಳೇ ಎಂದು ಎಷ್ಟು ಅಂಗಲಾಚಿದರೂ ಯಂತ್ರ ಕೇಳುವುದಿಲ್ಲ. ಋಣ ಏಳನೆಯ ಓದುಗ ಎಂದಾದರೂ ಬಂದೇ ಬಂದಾನೆಂಬುದು ಅದರ ಭೀತಿ. ಅಂಥವನು ಪುಸ್ತಕ ಒಯ್ದರೆ ಕಪಾಟಿನಲ್ಲಿ ಪುಸ್ತಕ ಹೆಚ್ಚುವುದೇ, ತಡವಾಗಿ ತಂದರೆ ದಂಡವನ್ನು ಗ್ರಂಥಾಲಯವೇ ಅವನಿಗೆ ತೆರಬೇಕೇ, ಮೌನ ಕಾಪಾಡಿರೆಂಬ ಫಲಕ ಕಂಡು ಅವನು ಹಾಡತೊಡಗುವನೇ ಎಂಬ ಜಿಜ್ಞಾಸೆಯಲ್ಲಿ ಪರಿಶೋಧಕನ ರಾತ್ರಿಗಳು ಸಾರ್ಥಕವಾಗಿ ಕಳೆಯುತ್ತಿದ್ದವು. 8.0 ಆವೃತ್ತಿಯು 3780ನೆಯ ದೋಷದಲ್ಲಿ ಎರಡೂ ಕಾಲಂಗಳ ಹೆಸರು ಹಿಡಿದೇ ಹೇಳತೊಡಗಿದ್ದರಿಂದ ಆ ತತ್ತ್ವಚಿಂತನೆಗೆ ಕುತ್ತು ಬಂದಿದೆ.

ಇಷ್ಟೆಲ್ಲ ಏಕೆಂದು, ಫಾರಿನ್ ಕೀ ಚೆಕ್ಸ್ ಎಂಬ ಸೆಟ್ಟಿಂಗನ್ನು 0 ಮಾಡಿ, ಸಿಕ್ಕ ಸಾಲುಗಳನ್ನೆಲ್ಲ ತುರುಕಿ, ಮರಳಿ 1 ಮಾಡಿ ಮನೆಗೆ ಹೊರಡುವ ವರ್ಗವೊಂದಿದ್ದು, ಅದನ್ನು ವರ್ಣಿಸಲು ವಿದ್ವತ್ ಗ್ರಂಥಕ್ಕೆ ಒಪ್ಪುವ ಪದಗಳು ಸಿಗುವುದು ಕಷ್ಟ. ತಪಾಸಣೆ ಮತ್ತೆ ಚಾಲೂ ಆದರೂ ಮೈಎಸ್‌ಕ್ಯೂಎಲ್ ಈ ನಡುವೆ ಒಳನುಸುಳಿದ ಸಾಲುಗಳನ್ನು ತಿರುಗಿ ನೋಡದಾದ್ದರಿಂದ ಪೇರೆಂಟ್ ಇಲ್ಲದ ಅನಾಥ ಸಾಲುಗಳು ಹಾಗೆಯೇ ಉಳಿಯುತ್ತವೆ. ಎರವಲಿನ ಟೇಬಲ್ಲಿಗೆ ಓದುಗರದನ್ನು ಜೋಡಿಸುವ ಲೆಫ್ಟ್ ಜಾಯಿನ್ ಹಾಕಿ, ಓದುಗನ ಕಡೆ ನಲ್, ಎಂದರೆ ಖಾಲಿ, ಬಂದವನ್ನು ಹೆಕ್ಕಿದಾಗಲೇ ಪುಸ್ತಕ ಒಯ್ದವರು ಯಾರೆಂದು ಯಾವ ದಾಖಲೆಯೂ ಹೇಳದೆಂಬುದು ಹೊರಬೀಳುತ್ತದೆ, ಅಷ್ಟು ಹೊತ್ತಿಗೆ ಸೊನ್ನೆ ಹಾಕಿದವರು ಬೇರೆ ಕಂಪನಿ ಸೇರಿರುತ್ತಾರೆ.